ಕೋವಿ ನಿಷೇಧಿಸಿದರೆ ಗುಂಡಿನ ಸದ್ದು ನಿಲ್ಲುತ್ತಾ? ಮೈಸೂರು-ಮಂಡ್ಯದವರ ಚರ್ಚೆ

ಕುಕ್ಕರಹಳ್ಳಿ ಏರಿ
ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿತು ಅಂತ ಸುದ್ದಿ ಬಂದಾಗಲೆಲ್ಲ ಇಲ್ಲಿ ಎರಡೇ ಮಾತು. ‘ಕೋವಿ ಪೂರ್ತಿ ನಿಷೇಧಿಸಿ, ಮುಗೀತು’ ಅನ್ನೋರು ಒಂದು ಕಡೆ. ‘ನಿಷೇಧಿಸಿದ್ರೆ ಕಳ್ಳರ ಕೈಲಿ ಮಾತ್ರ ಉಳಿಯುತ್ತೆ’ ಅನ್ನೋರು ಇನ್ನೊಂದು ಕಡೆ. ಎಲ್ಲೆಲ್ಲಿ ಯಾವುದನ್ನ ನಿಷೇಧಿಸಿದ್ರು, ಆಮೇಲೆ ಏನಾಯ್ತು, ನಮ್ಮ ಜಿಲ್ಲೆಗಳಿಗೆ ಅದರಲ್ಲಿ ಯಾವುದು ಒಗ್ಗುತ್ತೆ? ತಿಳಿದವರು ಬರೀರಿ. ಪಕ್ಷದ ಜಗಳ ಬೇಡ.

ಅಗ್ರಹಾರ ಸರ್ಕಲ್
ಇಂಡಿಯಾದಲ್ಲಿ ಬ್ಯಾನ್ ಆಗೇ ಇದೆಯಲ್ಲ ಸರ್. ಆದ್ರೂ 2021ರ ಆಗಸ್ಟ್‌ನಲ್ಲಿ ವಿದ್ಯಾರಣ್ಯಪುರಂನ ಚಿನ್ನದಂಗಡಿಗೆ ನುಗ್ಗಿದವರು ಗುಂಡು ಹಾರಿಸಿ ಒಬ್ಬ ಯುವಕನ ಜೀವ ತೆಗೆದ್ರು. ಬ್ಯಾನ್ ಅವರನ್ನ ತಡೀತಾ?

ಹಳೇ ದಫ್ತರ
ಬ್ಯಾನ್ ಇಲ್ಲ, ಪರವಾನಗಿ ಇದೆ. ಈ ಎರಡನ್ನ ಒಂದೇ ಅಂದುಕೊಂಡು ಶುರು ಮಾಡಿದ್ರೆ ಚರ್ಚೆ ಎಲ್ಲಿಗೂ ಹೋಗಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಎರಡು ಗುಂಪು. ತಾನೇ ತಾನಾಗಿ ಹಾರುವ ಬಂದೂಕುಗಳು, ಪೊಲೀಸ್ ಮತ್ತು ಸೇನೆ ಬಳಸುವ ಬೋರ್‌ಗಳು, ಅಂದ್ರೆ ನಳಿಗೆಯ ಒಳ ಅಳತೆಗಳು (.303, 9 ಎಂ.ಎಂ. ಇತ್ಯಾದಿ) ‘ನಿಷೇಧಿತ’. ಅದಕ್ಕೆ ಅನುಮತಿ ಬೇಕಂದ್ರೆ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು. ಉಳಿದದ್ದು ಅನಿಷೇಧಿತ. ಒಂಟಿ ನಳಿಗೆ, ಜೋಡಿ ನಳಿಗೆ, .32 ರಿವಾಲ್ವರ್ ಎಲ್ಲ ಅದರಲ್ಲಿ ಬರುತ್ತೆ. ಇದಕ್ಕೆ ಮಂಡ್ಯದಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ, ಮೈಸೂರು ನಗರದ ಒಳಗಾದ್ರೆ ಪೊಲೀಸ್ ಕಮಿಷನರ್‌ಗೆ. ನಗರದ ಗಡಿ ದಾಟಿ ವರುಣಾ ಕಡೆ ಮನೆ ಇಟ್ಟುಕೊಂಡು ಕಮಿಷನರ್ ಆಫೀಸಿಗೆ ಅರ್ಜಿ ಕೊಟ್ಟರೆ ಸುಮ್ನೆ ವಾಪಸ್ ಬರುತ್ತೆ.

ಕಾಯ್ದೆಯ 13ನೇ ಕಲಂನಲ್ಲಿ ರೈತರಿಗೆ ಅಂತಲೇ ಒಂದು ಸಾಲು ಇದೆ. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ, ಆತ್ಮರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆ ಇಲ್ಲದ ನಯ ನಳಿಗೆಯ (ಒಳಗೆ ಸುರುಳಿ ಗೆರೆ ಇಲ್ಲದ) ಬಂದೂಕು. ನಳಿಗೆಯ ಉದ್ದ ಯಾಕೆ ಅಂತ ಕೇಳ್ತಾರೆ. ಕತ್ತರಿಸಿ ಮೋಟು ಮಾಡಿದ ಕೋವಿ ಅಂಗಿ ಒಳಗೆ ಅಡಗುತ್ತೆ, ಅದಕ್ಕೆ.

2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಕೋವಿ (ಮೊದಲು ಮೂರು), ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿದ್ರೂ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮೇಲಕ್ಕೆ ಹೋದ ಗುಂಡು ಕೆಳಗೆ ಬರಲೇಬೇಕಲ್ಲ.

ನೀವು ಹೇಳಿದ ದರೋಡೆ ಲೈಸೆನ್ಸ್ ಪುಸ್ತಕದ ಹೊರಗಿನ ಲೋಕದ್ದು. ಅದನ್ನ ಬೇರೆಯಾಗೇ ನೋಡಬೇಕು.

ಲೆಕ್ಕದ ಮೇಷ್ಟ್ರು
ಹೊರದೇಶದ ಲೆಕ್ಕ ನಾನು ಹೇಳ್ತೀನಿ. ಒಂದೊಂದು ದೇಶ ‘ನಿಷೇಧ’ ಅನ್ನೋ ಒಂದೇ ಮಾತಲ್ಲಿ ಬೇರೆ ಬೇರೆ ಕೆಲಸ ಮಾಡಿದೆ.

ಆಸ್ಟ್ರೇಲಿಯಾ: 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ ಗುಂಡಿನ ದಾಳಿಗೆ 35 ಜನ ಸತ್ತರು. ಹನ್ನೆರಡೇ ದಿನದಲ್ಲಿ ಕೇಂದ್ರ ಮತ್ತು ಎಲ್ಲ ರಾಜ್ಯಗಳು ಒಪ್ಪಂದಕ್ಕೆ ಬಂದವು. ಅರೆ ಸ್ವಯಂಚಾಲಿತ (ಪ್ರತಿ ಗುಂಡಿನ ನಂತರ ತಾನೇ ತುಂಬಿಕೊಳ್ಳುವ) ರೈಫಲ್ ಮತ್ತು ಶಾಟ್‌ಗನ್, ಪಂಪ್ ಶಾಟ್‌ಗನ್ ಜನರ ಕೈಯಿಂದ ಹೋದವು. ಸುಮ್ಮನೆ ಕಿತ್ತುಕೊಳ್ಳಲಿಲ್ಲ. ಆರೋಗ್ಯ ತೆರಿಗೆಯನ್ನ ಒಂದು ವರ್ಷಕ್ಕೆ ಶೇ 0.2ರಷ್ಟು ಏರಿಸಿ, ಆ ದುಡ್ಡಿನಲ್ಲಿ ಸುಮಾರು 6.5 ಲಕ್ಷ ಕೋವಿ ಕೊಂಡು ಪುಡಿ ಮಾಡಿದರು. ಉಳಿದ ಪ್ರತಿ ಕೋವಿಗೂ ನೋಂದಣಿ, 28 ದಿನ ಕಾಯಬೇಕು, ‘ಯಾಕೆ ಬೇಕು’ ಅನ್ನೋದಕ್ಕೆ ನಿಜವಾದ ಕಾರಣ ತೋರಿಸಬೇಕು. ಆತ್ಮರಕ್ಷಣೆ ಕಾರಣವಾಗಿ ನಡೆಯಲ್ಲ. ಬೇಸಾಯ ನಡೆಯುತ್ತೆ. ಕೋವಿಯಿಂದ ಆಗುವ ಸಾವು ಇಳೀತು. ವಾದ ಇರೋದು, 1996ಕ್ಕೆ ಮೊದಲೇ ಇಳಿಯುತ್ತಿದ್ದ ಗೆರೆ ಎಷ್ಟು, ಕಾನೂನಿನಿಂದ ಇಳಿದದ್ದು ಎಷ್ಟು ಅನ್ನೋದರಲ್ಲಿ. ದಾಳಿಗಳು ಪೂರ್ತಿ ನಿಂತಿವೆ ಅಂತ ಹೇಳೋದು ತಪ್ಪು. 2018ರಲ್ಲಿ ಆಸ್ಮಿಂಗ್ಟನ್‌ನಲ್ಲಿ ಒಂದೇ ಕುಟುಂಬದ ಏಳು ಜನ ಹೋದರು.

ಬ್ರಿಟನ್: 1996ರ ಮಾರ್ಚ್‌ನಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಟೀಚರ್. ಮುಂದಿನ ವರ್ಷ ಕೈಬಂದೂಕು ನಿಷೇಧ, ಸುಮಾರು 1.62 ಲಕ್ಷ ಪಿಸ್ತೂಲು ಒಪ್ಪಿಸಿದರು. ಆದರೆ ಮುಂದಿನ ಕೆಲವು ವರ್ಷ ಪಿಸ್ತೂಲಿನ ಅಪರಾಧ ದಾಖಲೆಯಲ್ಲಿ ಏರಿತು, ಆಮೇಲೆ ಇಳೀತು. ಎರಡೂ ಕಡೆಯವರು ತಮಗೆ ಬೇಕಾದ ವರ್ಷ ಹಿಡಿದು ವಾದ ಮಾಡ್ತಾರೆ. ಎಣಿಸುವ ರೀತಿಯೂ ಆ ಹೊತ್ತಿನಲ್ಲೇ ಬದಲಾಗಿತ್ತು, ಅದನ್ನ ಯಾರೂ ಹೇಳಲ್ಲ.

ಅಮೆರಿಕ: ಸೇನೆ ಮಾದರಿಯ ಅರೆ ಸ್ವಯಂಚಾಲಿತ ಕೋವಿಗಳ ಮೇಲೆ 1994ರಲ್ಲಿ ತಂದ ಕೇಂದ್ರ ನಿಷೇಧ ಹತ್ತೇ ವರ್ಷಕ್ಕೆ ಮುಗೀತು. ಅದರಲ್ಲಿ ಎರಡು ತೂತು. ಮೊದಲೇ ಜನರ ಹತ್ತಿರ ಇದ್ದವು ಹಾಗೇ ಉಳಿದವು. ಇನ್ನು ಯಾವುದು ನಿಷಿದ್ಧ ಅನ್ನೋದನ್ನ ಹೊರ ಲಕ್ಷಣದಿಂದ ಗುರುತಿಸಿದರು. ಬಾಯೊನೆಟ್ (ಕೋವಿ ತುದಿಯ ಚೂರಿ) ಸಿಕ್ಕಿಸುವ ಕೊಂಡಿ, ಮಡಚುವ ಹಿಡಿ ಇಂಥವು. ಕಂಪನಿಗಳು ಕೊಂಡಿ ತೆಗೆದು ಅದೇ ರೈಫಲ್ ಮಾರಿದವು. ಮೇಲಾಗಿ ಅಲ್ಲಿ ಹೆಚ್ಚಿನ ಕೊಲೆ ಆಗೋದು ಪಿಸ್ತೂಲಿನಿಂದ, ರೈಫಲಿನಿಂದ ಅಲ್ಲ. ಗೋಡೆಗೆ ಬೀಗ ಹಾಕಿ ಬಾಗಿಲು ತೆರೆದಿಟ್ಟ ಹಾಗೆ.

ಅಗ್ರಹಾರ ಸರ್ಕಲ್
ಮೇಷ್ಟ್ರೇ, ಷಿಕಾಗೋದಲ್ಲಿ ಕಟ್ಟುನಿಟ್ಟು ಕಾನೂನು, ಆದರೂ ದಿನಾ ಗುಂಡು. ಮೆಕ್ಸಿಕೋದಲ್ಲಿ ಸೇನೆ ನಡೆಸುವ ಅಂಗಡಿ ಬಿಟ್ಟು ಬೇರೆ ಎಲ್ಲೂ ಕಾನೂನುಬದ್ಧವಾಗಿ ಕೋವಿ ಸಿಗಲ್ಲ, ಅಲ್ಲಿನ ಹೆಣದ ಲೆಕ್ಕ ನೋಡಿ. ಸ್ವಿಟ್ಜರ್ಲೆಂಡ್‌ನಲ್ಲಿ ಬಹಳಷ್ಟು ಮನೆಗಳಲ್ಲಿ ರೈಫಲ್, ಊರು ತಣ್ಣಗಿದೆ.

ಲೆಕ್ಕದ ಮೇಷ್ಟ್ರು
ಮೂರೂ ಉದಾಹರಣೆ ನಿಜ. ಮೂರೂ ನಿಮ್ಮ ವಾದಕ್ಕೆ ಒದಗಲ್ಲ.

ಷಿಕಾಗೋದಲ್ಲಿ ಸಿಕ್ಕ ಕೋವಿಗಳ ಜಾಡು ಹಿಡಿದರೆ ಅರ್ಧಕ್ಕಿಂತ ಹೆಚ್ಚು ಹೊರರಾಜ್ಯದ್ದು, ಪಕ್ಕದ ಇಂಡಿಯಾನದ್ದೇ ದೊಡ್ಡ ಪಾಲು. ಮೆಕ್ಸಿಕೋಗೆ ಹೋಗೋದು ಅಮೆರಿಕದ ಗಡಿ ದಾಟಿ. ನಾಲೆಗೆ ಮೇಲ್ಗಡೆ ತೂಬು ತೆರೆದಿಟ್ಟು ಕೆಳಗಿನ ಗದ್ದೆಯವನಿಗೆ ‘ಬದು ಕಟ್ಟೋ’ ಅಂದ ಹಾಗೆ ಅದು. ಸ್ವಿಸ್‌ನವರು ರೈಫಲ್ ಮನೆಗೆ ಒಯ್ತಾರೆ ಸರಿ, ಆದರೆ 2007ರಿಂದ ಸೇನೆಯ ಗುಂಡುಗಳನ್ನ ಮನೆಯಲ್ಲಿ ಇಡಲು ಬಿಡಲ್ಲ. ಕೋವಿ ಇದೆ, ತೋಟಾ ಇಲ್ಲ.

ಅಮೆರಿಕದ ಒಳಗೇ ಹೋಲಿಸಬೇಕಂದ್ರೆ ಕನೆಕ್ಟಿಕಟ್ ಮತ್ತು ಮಿಸ್ಸೂರಿ ನೋಡಿ. ಕೊಳ್ಳುವ ಮುಂಚೆ ಪರ್ಮಿಟ್ ಬೇಕು ಅಂತ ಕನೆಕ್ಟಿಕಟ್ 1995ರಲ್ಲಿ ತಂದಿತು. ಇದ್ದ ಅಂಥದ್ದೇ ನಿಯಮವನ್ನ ಮಿಸ್ಸೂರಿ 2007ರಲ್ಲಿ ತೆಗೀತು. ಒಂದು ಕಡೆ ಕೋವಿ ಕೊಲೆ ಇಳೀತು, ಇನ್ನೊಂದು ಕಡೆ ಏರಿತು ಅಂತ ಸಂಶೋಧಕರು ತೋರಿಸಿದ್ದಾರೆ. ಅಲ್ಲಿ ಕೋವಿ ನಿಷೇಧವೇ ಆಗಿರಲಿಲ್ಲ. ಕೊಳ್ಳುವವನು ಒಂದು ಕಚೇರಿಗೆ ಹೋಗಿ ಮುಖ ತೋರಿಸಬೇಕಿತ್ತು, ಅಷ್ಟೆ. ನಮ್ಮ ಪದ್ಧತಿಗೆ ಹತ್ತಿರದ್ದು ಇದು, ಆಸ್ಟ್ರೇಲಿಯಾ ಅಲ್ಲ.

ವಿ.ಸಿ. ನಾಲೆ
ಅಮೆರಿಕ ಆಮೇಕ್ ನೋಡುಮಾ ಅಣ್ಣೋ. ಮಳವಳ್ಳಿ ಕಡೆ, ಎಚ್.ಡಿ. ಕೋಟೆ ಕಡೆ ಹಂದಿ ಒಂದು ರಾತ್ರಿಗೆ ನುಗ್ಗುದ್ರೆ ಅರ್ಧ ಎಕರೆ ಕಬ್ಬು ಮಲಗುಸ್ಬುಡ್ತವೆ. ತಿನ್ನಾದ್ ಕಮ್ಮಿ, ತುಳಿಯಾದೇ ಜಾಸ್ತಿ. ಕಾನೂನಲ್ಲಿ ಬೆಳೆ ರಕ್ಷಣೆ ಕೋವಿ ಅದೆ ಅಂತೀರಲ್ಲ, ಹೊಸದಾಗಿ ಯಾರ್ಗಾರ ಸಿಕ್ಕದಾ? ಅರ್ಜಿ ಹಾಕ್ದೋರು ಕಚೇರಿ ಮೆಟ್ಲು ಸವೆಸೋದೇ ಆಯ್ತು.

ಹಳೇ ದಫ್ತರ
ಸಿಕ್ಕದಿರೋದಕ್ಕೆ ಅರ್ಧ ಕಾರಣ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇಲ್ಲ ಅಣ್ಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂನಲ್ಲಿದೆ. ವನ್ಯಜೀವಿ ಧಾಮದ ಸುತ್ತ 10 ಕಿಲೋಮೀಟರ್ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಪಡೆಯದೆ ಹೊಸ ಲೈಸೆನ್ಸ್ ಕೊಡಂಗಿಲ್ಲ. ಹಳೇ ಲೈಸೆನ್ಸ್‌ದಾರರೂ ಅರಣ್ಯ ಇಲಾಖೆಯಲ್ಲಿ ಹೆಸರು ಬರೆಸಬೇಕು.

ಈಗ ನಕ್ಷೆ ತೆಗೆದು ಕೈವಾರ ಇಟ್ಟು ಸುತ್ತು ಹಾಕಿ. ಮಳವಳ್ಳಿಗೆ ಕಾವೇರಿ ವನ್ಯಜೀವಿ ಧಾಮ, ಪಾಂಡವಪುರದ ಕಡೆ ಮೇಲುಕೋಟೆ, ನಾಗಮಂಗಲಕ್ಕೆ ಆದಿಚುಂಚನಗಿರಿ ನವಿಲುಧಾಮ, ಹುಣಸೂರಿಗೆ ಅರಬಿತಿಟ್ಟು, ಕೋಟೆಗೆ ನಾಗರಹೊಳೆ ಮತ್ತು ಬಂಡೀಪುರ. ರಂಗನತಿಟ್ಟೂ ಧಾಮವೇ. ಅಲ್ಲಿರೋದು ಕೊಕ್ಕರೆ, ಆದರೆ ಅದರ ಹತ್ತು ಕಿಲೋಮೀಟರ್ ಅಂದ್ರೆ ಶ್ರೀರಂಗಪಟ್ಟಣ ಪೂರ್ತಿ, ಮೈಸೂರಿನ ಒಂದು ಪಾಲೂ ಸೇರುತ್ತೆ. ತಿರಸ್ಕಾರದ ಪತ್ರದಲ್ಲಿ ಈ ಕಾರಣವನ್ನ ಬಿಡಿಸಿ ಬರೆಯೋದು ಅಪರೂಪ. 14ನೇ ಕಲಂ ಪ್ರಕಾರ ಕಾರಣ ಲಿಖಿತವಾಗಿ ಕೇಳಬಹುದು, 18ನೇ ಕಲಂ ಪ್ರಕಾರ ಮೇಲ್ಮನವಿಯೂ ಇದೆ.

ಇನ್ನೊಂದು ಮಾತು. ಬೆಳೆ ರಕ್ಷಣೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತಲ್ಲ. ಹೆದರಿಸೋಕೆ ಹಾರಿಸಬಹುದು. ಕೊಲ್ಲೋದಕ್ಕೆ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ಆದೇಶ ಬೇರೆ ಬೇಕು. 2022ರ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಗೆ (ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ) ಬಂತು. ಕೇರಳ ಅದೇ ವರ್ಷ ಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು.

ವಿ.ಸಿ. ನಾಲೆ
ಹಂಗಾರೆ ಕಾನೂನ್ ಪ್ರಕಾರ ಕೋವಿ ಇರೋನು ಸದ್ದು ಮಾಡ್ಬೇಕು, ಕಾನೂನಿಲ್ದೋನು ಉರುಳು ಹಾಕ್ತಾನೆ, ಹಣ್ಣೊಳಗೆ ನಾಡಬಾಂಬ್ ಇಟ್ಟು ಬರ್ತಾನೆ. ಆ ಬಾಂಬ್ ಕಚ್ಚಿದ್ದು ಹಂದಿಯೋ, ಮೇಯಕ್ ಬಿಟ್ಟ ಹಸಾನೋ, ಅದಕ್ಕೇನ್ ಗೊತ್ತಾಯ್ತದೆ?

ಜೋಡಿ ನಳಿಗೆ
ನಾಲೆ ಅಣ್ಣ ಹೇಳಿದ್ದೇ ವಿಷಯದ ತಿರುಳು. ಲೈಸೆನ್ಸ್ ಬಿಗಿ ಮಾಡಿದಷ್ಟೂ ಕಾಡಂಚಿನಲ್ಲಿ ನಾಡಕೋವಿ, ಉರುಳು, ಕರೆಂಟು ತಂತಿ ಹೆಚ್ಚುತ್ತೆ. ಕೋವಿ ಕಡೆ ಏನೇನು ಕೆಡುತ್ತೆ ಅಂತ ಹೇಳ್ತೀನಿ.

ನಾಡಕೋವಿಯ ನಳಿಗೆ ಬಂದೂಕಿಗೆ ಅಂತ ಮಾಡಿದ ಉಕ್ಕಲ್ಲ, ಯಾವುದೋ ಕೊಳವೆ. ಒತ್ತಡ ತಡೆಯುತ್ತೋ ಇಲ್ಲವೋ ಅಂತ ಪರೀಕ್ಷೆ ಆಗಿರಲ್ಲ. ಕಾರ್ಖಾನೆ ಕೋವಿಯ ನಳಿಗೆ ಮೇಲೆ ಪರೀಕ್ಷೆಯ ಮುದ್ರೆ ಇರುತ್ತೆ, ಮಾಮೂಲಿಗಿಂತ ಹೆಚ್ಚು ಒತ್ತಡದಲ್ಲಿ ಹಾರಿಸಿ ನೋಡಿದ ಗುರುತು ಅದು. ನಾಡಕೋವಿ ಸಿಡಿಯೋದು ಸಾಮಾನ್ಯವಾಗಿ ಹಿಂಭಾಗದಲ್ಲಿ, ಅಂದ್ರೆ ಹಿಡಿದವನ ಎಡಗೈ ಮತ್ತು ಕಣ್ಣಿನ ಹತ್ತಿರ. ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸು, ಹಾಗಾಗಿ ‘ಪಟಾಕಿ ಸಿಡೀತು’ ಅಂತ ಬರೆಸ್ತಾರೆ. ಲೆಕ್ಕಕ್ಕೇ ಬರಲ್ಲ.

ಲೈಸೆನ್ಸ್ ಇರೋ ಕೇಪಿನ ಕೋವಿಯಲ್ಲೂ (ಬಾಯಿಂದ ಮದ್ದು ತುಂಬಿ, ಕಿಡಿಗೆ ಕೇಪು ಇಡುವಂಥದ್ದು) ಅಪಾಯ ಇದೆ. ಮದ್ದು ತುಂಬಿಟ್ಟು ವಾರಗಟ್ಟಲೆ ಮೂಲೆಯಲ್ಲಿ ನಿಲ್ಲಿಸ್ತಾರೆ. ಮಳೆಗಾಲದಲ್ಲಿ ಮದ್ದು ಶೀತ ಹಿಡಿಯುತ್ತೆ, ಕೇಪು ಹೊಡೆದ್ರೂ ಹಾರಲ್ಲ. ಒಂದೆರಡು ಸೆಕೆಂಡ್ ತಡವಾಗಿ ಹಾರುವುದೂ ಉಂಟು, ಅದಕ್ಕೇ ಹಾರದ ಕೋವಿಯನ್ನ ತಕ್ಷಣ ತಿರುಗಿಸಿ ಬಾಯಿ ನೋಡಬಾರದು. ತುಂಬಿದೆಯೋ ಇಲ್ಲವೋ ಮರೆತು ಎರಡನೇ ಸಲ ತುಂಬೋದು ಇನ್ನೊಂದು. ಗಜದ ಕಡ್ಡಿಗೆ (ಮದ್ದು ಒತ್ತುವ ಕಡ್ಡಿ) ಖಾಲಿ ನಳಿಗೆಯ ಆಳದಲ್ಲಿ ಒಂದು ಗೆರೆ ಕೊರೆದಿಟ್ಟರೆ, ಕಡ್ಡಿ ಗೆರೆವರೆಗೆ ಇಳಿಯದಿದ್ರೆ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತೆ. ಎರಡು ನಿಮಿಷದ ಕೆಲಸ, ಮಾಡಿರೋರು ಕಮ್ಮಿ.

ಕದ್ದು ತರುವ ಪಿಸ್ತೂಲು ಬೇರೆ ದಾರಿ. ಕರ್ನಾಟಕದಲ್ಲಿ ಹಿಡಿದವು ಹೆಚ್ಚಾಗಿ ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರ್ಗೋನ್ ಕಡೆಯ ಕುಲುಮೆಗಳದ್ದು. ಮುಂಗೇರಿಗೆ ಆ ಕಸುಬು ತಂದವನು ಬಂಗಾಳದ ನವಾಬ ಮೀರ್ ಖಾಸಿಂ, 1760ರ ದಶಕದಲ್ಲಿ. ನಮ್ಮ ಶ್ರೀರಂಗಪಟ್ಟಣದಲ್ಲೂ ಟಿಪ್ಪು ಕಾಲಕ್ಕೆ ಕೋವಿ ಕಾರ್ಖಾನೆ ಇತ್ತು. 1799ಕ್ಕೆ ಇಲ್ಲಿ ಕುಲುಮೆ ಆರಿತು, ಅಲ್ಲಿ ಆರಲಿಲ್ಲ.

ಅಗ್ರಹಾರ ಸರ್ಕಲ್
ಅಂದ್ರೆ ನಾನು ಹೇಳಿದ್ದೇ ಸರಿ. ಲೈಸೆನ್ಸ್‌ದಾರರನ್ನ ಹಿಂಡೋದು ದಂಡ.

ಕಪಿಲಾ ತೀರ
ಅಷ್ಟು ಬೇಗ ತೀರ್ಪು ಕೊಡಬೇಡಿ. ಕೋವಿ ಅಂದ ತಕ್ಷಣ ಎಲ್ಲರೂ ಕೊಲೆ ಲೆಕ್ಕ ಹಾಕ್ತಿದ್ದೀರ. ಅಮೆರಿಕದಲ್ಲಿ 2021ರಲ್ಲಿ ಕೋವಿಯಿಂದ ಸತ್ತವರು 48,830. ಅದರಲ್ಲಿ 26,328 ಆತ್ಮಹತ್ಯೆ. ಇವು ಮನೆಯಲ್ಲಿದ್ದ ಕೋವಿಗಳು, ಹೆಚ್ಚಿನವು ಕಾನೂನುಬದ್ಧವಾಗಿ ಕೊಂಡವು. ಕಳ್ಳನಿಗೂ ಇದಕ್ಕೂ ಸಂಬಂಧ ಇಲ್ಲ.

‘ಕೋವಿ ಇಲ್ಲದಿದ್ರೆ ಇನ್ನೊಂದು ದಾರಿ ಹುಡುಕ್ತಾರೆ’ ಅನ್ನೋ ಮಾತು ಮಂಡ್ಯದವರು ಹೇಳಬಾರದು. ಇಲ್ಲಿ ಕೋವಿಯ ಜಾಗದಲ್ಲಿ ಕೀಟನಾಶಕ ಇದೆ. ಶ್ರೀಲಂಕಾ 1995ರಿಂದ 1998ರ ಒಳಗೆ ಅತಿ ವಿಷದ ಕೀಟನಾಶಕಗಳನ್ನ ಒಂದೊಂದಾಗಿ ತೆಗೀತು. ಮುಂದಿನ ಹತ್ತು ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಸುಮಾರು ಅರ್ಧಕ್ಕೆ ಇಳೀತು. ಬೆಳೆ ಇಳುವರಿ ಬಿದ್ದಿಲ್ಲ. ಆ ಗಳಿಗೆ ದಾಟಿದ್ರೆ ಬಹಳಷ್ಟು ಜನ ಬದುಕ್ತಾರೆ. ಕೈಗೆ ಎಟಕುವ ಜಾಗದಲ್ಲಿ ಏನಿದೆ ಅನ್ನೋದು ಅಷ್ಟು ದೊಡ್ಡ ವಿಷಯ. ಮನೆಯಲ್ಲಿ ಯಾರಾದ್ರೂ ಮಂಕಾಗಿದ್ರೆ, ಕುಡಿತ ಹೆಚ್ಚಿದ್ರೆ, ಕೋವಿಯನ್ನ ಆಗಲೇ ಬೇರೆ ಕಡೆ ಕಳಿಸಬೇಕು. ಠಾಣೆಗೋ ಅಧಿಕೃತ ಡೀಲರ್ ಬಳಿಗೋ ಸ್ವಇಚ್ಛೆಯಿಂದ ಒಪ್ಪಿಸಬಹುದು, ಲೈಸೆನ್ಸ್ ರದ್ದಾಗಲ್ಲ. ಯಾರ ಜೊತೆಯಾದ್ರೂ ಮಾತಾಡಬೇಕು ಅನ್ಸಿದ್ರೆ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಲೈಸೆನ್ಸ್ ಇದ್ದವರು ಕೊಲೆ ಮಾಡಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. 2010ರಲ್ಲಿ ಇಂಗ್ಲೆಂಡಿನ ಕಂಬ್ರಿಯಾದಲ್ಲಿ 12 ಜನರನ್ನ ಕೊಂದವನ ಹತ್ತಿರ ಇದ್ದ ಎರಡೂ ಕೋವಿಗೆ ಪರವಾನಗಿ ಇತ್ತು.

ಕುಕ್ಕರಹಳ್ಳಿ ಏರಿ
ಮೇಡಂ ಹೇಳಿದ್ದು ಹೊಸ ದಿಕ್ಕು. ಹಾಗಾದ್ರೆ ಕೊಡಗು ಹೇಗೆ? ಅಲ್ಲಿ ಲೈಸೆನ್ಸೇ ಬೇಡವಲ್ಲ?

ಹಳೇ ದಫ್ತರ
ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಪ್ರಕಾರ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು. ಈಗಿನದು 2029ರ ಅಕ್ಟೋಬರ್ 31ರವರೆಗೆ. 2021ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ‘ಲೆಕ್ಕವೇ ಇಲ್ಲ’ ಅಂತ ತಿಳೀಬೇಡಿ, ವಿನಾಯಿತಿ ಪತ್ರ ಜಿಲ್ಲಾಡಳಿತದಿಂದಲೇ ಪಡೀಬೇಕು. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುವ ಕೋವಿಯ ಹಿಂದೆ ಮನೆತನ ಇದೆ, ಊರು ಇದೆ, ಯಾರ ಕೋವಿ ಯಾವುದು ಅಂತ ನೆರೆಯವರಿಗೆ ಗೊತ್ತು. ಅಂಥ ಕಟ್ಟು ಇಲ್ಲದ ಬಡಾವಣೆಗೆ ಆ ವಿನಾಯಿತಿ ತಂದು ಹಾಕಿದ್ರೆ ಅದೇ ಫಲ ಬರುತ್ತೆ ಅಂತ ನನಗನ್ನಿಸಲ್ಲ.

ನೋಂದಣಿ ಯಾಕೆ ಮುಖ್ಯ ಅಂದ್ರೆ ನ್ಯೂಜಿಲೆಂಡ್ ನೋಡಿ. 2019ರ ಮಾರ್ಚ್ 15ಕ್ಕೆ ಕ್ರೈಸ್ಟ್‌ಚರ್ಚ್‌ನಲ್ಲಿ 51 ಜನ ಹೋದರು, ಒಂದು ತಿಂಗಳೊಳಗೆ ನಿಷೇಧ ಬಂತು, ಐವತ್ತು ಸಾವಿರಕ್ಕೂ ಹೆಚ್ಚು ಕೋವಿ ವಾಪಸ್ ಕೊಂಡರು. ಆದರೆ ಎಷ್ಟರಲ್ಲಿ ಅಷ್ಟು ಬಂತು? ಒಂದೊಂದು ಕೋವಿಗೂ ನಂಬರ್ ಬರೆದ ಪುಸ್ತಕ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅಂಥ ಪುಸ್ತಕ ಶುರುವಾಗಿದ್ದು 2023ರಲ್ಲಿ. ನಮ್ಮಲ್ಲಿ ರಾಷ್ಟ್ರೀಯ ದತ್ತಾಂಶದಲ್ಲಿ ಪ್ರತಿ ಲೈಸೆನ್ಸ್‌ಗೂ ಯುಐಎನ್ (ಬೇರೆ ಯಾರಿಗೂ ಇಲ್ಲದ ಗುರುತಿನ ಸಂಖ್ಯೆ) ಇದೆ, ಅದಿಲ್ಲದ ಲೈಸೆನ್ಸ್ ಈಗ ಊರ್ಜಿತವಲ್ಲ. ಇದೊಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೆವು.

ವಿ.ಸಿ. ನಾಲೆ
ಪುಸ್ತಕದಾಗೆ ಹೆಸರಿರೋದ್ಕೇ ಎಲೆಕ್ಷನ್ ಬಂದಾಗ್ಲೆಲ್ಲ ನಮ್ ಕೋವಿನೇ ಟೇಸನ್ನಿಗ್ ಹೋಗಾದು. ರಾಗಿ ತೆನೆ ಕಟ್ಟೋ ಹೊತ್ಗೆ ಎಲೆಕ್ಷನ್ ಬಂದ್ರೆ ಮುಗೀತು.

ಹಳೇ ದಫ್ತರ
ಎಲ್ಲರದ್ದೂ ಕಡ್ಡಾಯವಾಗಿ ಇಟ್ಟುಕೊಳ್ಳಿ ಅಂತ ಚುನಾವಣಾ ಆಯೋಗದ ಸೂಚನೆ ಹೇಳಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಕಡತ ನೋಡಬೇಕು. ಜಾಮೀನಿನ ಮೇಲಿರುವವರು, ಹಳೇ ಅಪರಾಧ ಇರುವವರು, ಗಲಭೆಯಲ್ಲಿ ಹೆಸರಿರುವವರು, ಇವರದ್ದು ಮೊದಲು. ಕೆಳಗಡೆ ಠಾಣೆಗೆ ಬರೋ ಹೊತ್ತಿಗೆ ಅದು ‘ಎಲ್ಲರೂ ತಂದುಕೊಡಿ’ ಆಗಿರುತ್ತೆ, ಯಾಕಂದ್ರೆ ಒಬ್ಬೊಬ್ಬರ ಕಡತ ನೋಡೋದಕ್ಕಿಂತ ಅದು ಸುಲಭ. ಬೆಳೆ ಕಾರಣ ಇದ್ರೆ ನೋಟಿಸ್ ಬಂದ ಕೂಡಲೇ ಪಹಣಿ ಪ್ರತಿ ಮತ್ತು ಹಿಂದೆ ಅರಣ್ಯ ಇಲಾಖೆಗೆ ಕೊಟ್ಟ ಬೆಳೆಹಾನಿ ಅರ್ಜಿಯ ಪ್ರತಿ ಲಗತ್ತಿಸಿ ಸಮಿತಿಗೆ ವಿನಾಯಿತಿ ಕೇಳಿ. ಕೇಳಿದವರಿಗೆಲ್ಲ ಸಿಗುತ್ತೆ ಅಂತಲ್ಲ, ಕೇಳದವರಿಗಂತೂ ಸಿಗಲ್ಲ.

ಜೋಡಿ ನಳಿಗೆ
ಠಾಣೆಗೆ ಕೊಡೋ ಮುಂಚೆ: ಖಾಲಿ ಮಾಡಿ ಎರಡು ಸಲ ನೋಡಿ. ನಳಿಗೆ ಒಳಗೆ ಎಣ್ಣೆ ಬಟ್ಟೆ ಎಳೆದು, ಹೊರಗೂ ತೆಳ್ಳಗೆ ಸವರಿ. ದಪ್ಪ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಡಿ, ಬಟ್ಟೆ ನೀರು ಹೀರಿ ತುಕ್ಕು ಹಿಡಿಸುತ್ತೆ. ಮರದ ಹಿಡಿ, ಕೊಕ್ಕೆ, ನಳಿಗೆಯ ಬಾಯಿ, ನಂಬರ್ ಇಷ್ಟರ ಫೋಟೋ ತೆಗೆದಿಟ್ಟುಕೊಳ್ಳಿ. ತೋಟಾ ಎಷ್ಟು ಕೊಟ್ಟಿರಿ ಅಂತ ರಶೀದಿಯಲ್ಲಿ ಬೇರೆ ಸಾಲಿನಲ್ಲಿ ಬರೆಸಿ.

ಕುಕ್ಕರಹಳ್ಳಿ ಏರಿ
ಕೊನೆಗೊಂದು ಪ್ರಶ್ನೆ. ಹಳ್ಳಿ ಮನೆಗಳ ಅಟ್ಟದಲ್ಲಿ ತಾತನ ಕಾಲದ ಕೋವಿ ಇರುತ್ತಲ್ಲ, ಲೈಸೆನ್ಸ್‌ದಾರರು ತೀರಿಕೊಂಡಿರ್ತಾರೆ, ಅದು ಕಳ್ಳ ಕೋವಿನಾ?

ಹಳೇ ದಫ್ತರ
ಹೌದು, ಕಾನೂನಿನ ಕಣ್ಣಲ್ಲಿ ಅದು ಪರವಾನಗಿ ಇಲ್ಲದ ಕೋವಿ. ‘ಹಳೇದು, ಶೋಕಿಗೆ’ ಅಂದ್ರೆ ನಡೆಯಲ್ಲ. 45ನೇ ಕಲಂನಲ್ಲಿ ವಿನಾಯಿತಿ ಇರೋದು ಓಬೀರಾಯನ ಕಾಲದ, ಪುರಾತನ ಮೌಲ್ಯದ ಇಲ್ಲವೇ ರಿಪೇರಿ ಮಾಡಿದ್ರೂ ಹಾರದಷ್ಟು ಕೆಟ್ಟ ಕೋವಿಗೆ. ಕುದುರೆ ಸ್ಪ್ರಿಂಗ್ ಮುರಿದಿದೆ ಅಂದಷ್ಟಕ್ಕೆ ಸಾಲದು, ಸ್ಪ್ರಿಂಗ್ ಹಾಕಿದ್ರೆ ಹಾರುತ್ತಲ್ಲ.

ಮಾಡಬೇಕಾದ್ದು ಹೀಗೆ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ತಡಮಾಡದೆ ಕೋವಿಯನ್ನ ಹತ್ತಿರದ ಠಾಣೆಗೋ ಡೀಲರ್‌ಗೋ ಒಪ್ಪಿಸಿ ರಶೀದಿ ತಗೊಳ್ಳಿ, 21ನೇ ಕಲಂ ಇದನ್ನೇ ಹೇಳುತ್ತೆ. ನಾಡಕಚೇರಿಯಿಂದ ವಂಶವೃಕ್ಷ, ಮರಣ ಪ್ರಮಾಣಪತ್ರ, ಹಳೇ ಲೈಸೆನ್ಸ್ ಪುಸ್ತಕ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಜೋಡಿಸಿ 2016ರ ನಿಯಮಗಳ 25ನೇ ನಿಯಮದಡಿ ವಾರಸುದಾರರ ಲೈಸೆನ್ಸ್‌ಗೆ ಅರ್ಜಿ ಹಾಕಿ. ಸಾಮಾನ್ಯವಾಗಿ ಕೆಡೋದು ಒಪ್ಪಿಗೆ ಪತ್ರದಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬಿಟ್ಟಿರ್ತಾರೆ, ಆರು ತಿಂಗಳು ಕಡತ ಅಲ್ಲೇ ನಿಲ್ಲುತ್ತೆ. ತಾತ ಬದುಕಿರುವಾಗಲೇ ವರ್ಗಾಯಿಸೋ ದಾರಿಯೂ ಅದೇ ನಿಯಮದಲ್ಲಿದೆ. ಅವರಿಗೆ 70 ವರ್ಷ ತುಂಬಿರಬೇಕು, ಇಲ್ಲವೇ ಆ ಕೋವಿಯನ್ನ 25 ವರ್ಷ ಇಟ್ಟುಕೊಂಡಿರಬೇಕು. ಯಾರಿಗೂ ಬೇಡ ಅಂದ್ರೆ ಡೀಲರ್‌ಗೆ ಮಾರಬಹುದು.

ವಿ.ಸಿ. ನಾಲೆ
ಲೈಸೆನ್ಸ್ ಪುಸ್ತಕನೇ ಗೆದ್ಲು ತಿಂದೋಗಿದ್ರೆ?

ಹಳೇ ದಫ್ತರ
ಜಿಲ್ಲಾಧಿಕಾರಿ ಕಚೇರಿಯಲ್ಲಿ ಲೈಸೆನ್ಸ್ ದಾಖಲೆ ಇರುತ್ತೆ. ನಳಿಗೆಯ ಮೇಲಿನ ನಂಬರ್ ಗೊತ್ತಿದ್ರೆ ಹುಡುಕಬಹುದು. ತುಕ್ಕು ಹಿಡಿದು ನಂಬರ್ ಕಾಣದಿದ್ರೆ ಮರಳು ಕಾಗದ ಹಾಕಿ ಉಜ್ಜಬೇಡಿ, ಅಳಿಸಿದ ನಂಬರ್ ಅಂತ ಬೇರೆ ಕೇಸು ಬೀಳುತ್ತೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತಗೆ ಒರೆಸಿ ನೋಡಿ.